8 ಟಿಬಿಯ 8 ಡಿಸ್ಕ್, ರೇಡ್ 6: 44 ಟಿಬಿ ಹಿಡಿಯುತ್ತಾ?

ಸ್ಟುಡಿಯೋಬ್ಯಾಕಪ್: 8 ಬೇ (ಡಿಸ್ಕ್ ಗೂಡು) ಇರುವ ಸರ್ವರ್, 8 ಟಿಬಿಯ 8 ಡಿಸ್ಕ್, ಲಿನಕ್ಸ್ ಎಂಡಿ ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಜೋಡಣೆ), ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಮದುವೆ ವಿಡಿಯೋ ಒಟ್ಟು 44 ಟಿಬಿ ಇದೆ. ಎರಡು ಡಿಸ್ಕ್ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟುವ ಮಾಹಿತಿಗೆ) ಹೋದರೆ 6 × 8 = 48. ಇನ್ನೂ ನಾಲ್ಕು ಟಿಬಿ ಮಿಗುತ್ತೆ ಅಲ್ವಾ? ಆರ್ಡರ್ ಹಾಕೋಕೆ ಮೊದಲು ಯಾರಾದ್ರೂ ಹೇಳಿ.

ಪ್ಯಾರಿಟಿಪುರಾಣ: ಮಿಗಲ್ಲ. ಡಿಸ್ಕ್ ಡಬ್ಬದ ಮೇಲಿನ ಟಿಬಿ ಸಾವಿರದ ಲೆಕ್ಕ, ಟಿಐಬಿ (ಟೆಬಿಬೈಟ್) 1024ರ ಲೆಕ್ಕ. 8 ಟಿಬಿ ಅಂದ್ರೆ 7.28 ಟಿಐಬಿ, ಆರಕ್ಕೆ 43.66. ಇದರಲ್ಲಿ ಇಎಕ್ಸ್‌ಟಿ4 ಐನೋಡ್ (ಒಂದೊಂದು ಫೈಲಿನ ವಿವರ ಇಡುವ ದಾಖಲೆ) ಟೇಬಲ್‌ಗೆ 1.5% ತಿನ್ನುತ್ತೆ, ರೂಟ್‌ಗೆ (ಅಡ್ಮಿನ್ ಖಾತೆಗೆ) ಅಂತ 5% ಎತ್ತಿಡುತ್ತೆ. ಕೈಗೆ ಸಿಗೋದು 40.8 ಟಿಐಬಿ. ನಿಮ್ಮ 44 ಎಲ್ಲಿ ನೋಡಿದ್ದು? ಮ್ಯಾಕ್ ಆದರೆ ಅದು 40 ಟಿಐಬಿ, ಹೇಗೋ ತುರುಕಬಹುದು. ವಿಂಡೋಸ್ ಟಿಬಿ ಅಂತ ಬರೆದು ಟಿಐಬಿ ತೋರಿಸುತ್ತೆ, ಅಲ್ಲಿ ನೋಡಿದ್ದಾದರೆ ಕಥೆ ಮುಗೀತು.

ಧಾರವಾಡಬೈಟ್: 1.5% ಯಾವ ಕಾಲದ ಲೆಕ್ಕಾರೀ? ಅದು 16 ಕೆಬಿಗೊಂದು ಐನೋಡ್ ಇದ್ದಾಗಿನ ಮಾತು. ವಾಲ್ಯೂಮ್ 16 ಟಿಬಿ ದಾಟಿದ್ರ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡೋ ಎಂಕೆಇ2ಎಫ್‌ಎಸ್ ತಾನ ‘ಹ್ಯೂಜ್’ ಪ್ರೊಫೈಲ್ ಹಿಡೀತೈತಿ, 64 ಕೆಬಿಗೊಂದು ಐನೋಡ್. ಒಂದೊಂದಕ್ಕ 256 ಬೈಟ್, ಅಂದ್ರ 0.39%. ಹೋಗೋದು 0.17 ಟಿಐಬಿ ಅಷ್ಟ. ಇನ್ನ ಆ 5% ಡೇಟಾ ಡಿಸ್ಕಿಗೆ ಬೇಕೇ ಇಲ್ಲ. ಅದರ ಸೆಟ್ಟಿಂಗ್ ಬದಲಿಸೋ ಟ್ಯೂನ್2ಎಫ್‌ಎಸ್‌ಗೆ ‘-ಎಂ 0’ ಕೊಡ್ರಿ, 2.18 ಟಿಐಬಿ ವಾಪಸ್.

ಪ್ಯಾರಿಟಿಪುರಾಣ: “ಬೇಕೇ ಇಲ್ಲ” ಅಂತೆ! ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ತೆಗೆದು ನೋಡಿ. ಮೀಸಲು ಜಾಗ ಫ್ರಾಗ್ಮೆಂಟೇಶನ್ (ಫೈಲ್ ಚೂರುಚೂರಾಗಿ ಹರಡೋದು) ತಪ್ಪಿಸುತ್ತೆ ಅಂತ ಬರೆದಿದ್ದಾರೆ.

ಧಾರವಾಡಬೈಟ್: ಆ ವಾಕ್ಯದ ಉಳಿದ ಅರ್ಧ ಎಲ್ಲಿ ನುಂಗಿದ್ರಿ? ಬೇರೆ ಯೂಸರ್‌ಗಳಿಗೆ ಜಾಗ ಮುಗಿದ ಮ್ಯಾಲೂ ಲಾಗ್ ಬರೆಯೋ ಸಿಸ್‌ಲಾಗ್‌ನಂಥ ರೂಟ್ ಡೀಮನ್ (ಹಿನ್ನೆಲೆ ಪ್ರೋಗ್ರಾಂ) ನಡೀಲಿ ಅಂತ ಐತಿ. ಲಾಗ್ ಬರೆಯೋದು ಓಎಸ್ ಡಿಸ್ಕಿಗೆ, ವಿಡಿಯೋ ಇರೋ ಅರೇಗಲ್ಲ (ರೇಡ್ ಡಿಸ್ಕ್ ಗುಂಪಿಗಲ್ಲ).

ಕಡಲಕರೆ_ನಾಸ್: ಇಎಕ್ಸ್‌ಟಿ4 ಬದಲು ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ನೋಡಿ ಮಾರಾಯ್ರೆ, ಈ 5%ರ ಜಗಳವೇ ಇಲ್ಲ. ರೇಡ್‌ಝಡ್2 (ಅದರದೇ ಎರಡು ಪ್ಯಾರಿಟಿಯ ರೇಡ್), ಎಂಟು ಡಿಸ್ಕ್.

ಪ್ಯಾರಿಟಿಪುರಾಣ: “ಜಗಳವೇ ಇಲ್ಲ” ಅನ್ನೋರು ಪ್ಯಾಡಿಂಗ್ (ಖಾಲಿ ಬಿಟ್ಟು ಹೋಗುವ ಜಾಗ) ಲೆಕ್ಕ ಹಾಕಿದ್ದೀರಾ? 128 ಕೆ ರೆಕಾರ್ಡ್ (ಒಮ್ಮೆಗೆ ಬರೆಯುವ ತುಂಡು) ಅಂದ್ರೆ 4 ಕೆಯ 32 ಸೆಕ್ಟರ್. ಆರಾರರಂತೆ ಆರು ಸಾಲು, ಸಾಲಿಗೆರಡು ಪ್ಯಾರಿಟಿ, ಒಟ್ಟು 44. ಹಂಚಿಕೆ ಮೂರರ ಗುಣಕದಲ್ಲೇ ಆಗಬೇಕು, ಹಾಗಾಗಿ 45. 32/45 ಅಂದ್ರೆ 71.1%, ನೀವು ಅಂದುಕೊಂಡ 75% ಅಲ್ಲ. 41.4 ಟಿಐಬಿ. ಹೊಸ ಓಪನ್‌ಝಡ್‌ಎಫ್‌ಎಸ್‌ನಲ್ಲಿ ಸ್ಲಾಪ್ ಅಂತ ಎತ್ತಿಡೋ 128 ಜಿಐಬಿ ಬೇರೆ.

ಕಡಲಕರೆ_ನಾಸ್: ವಿಡಿಯೋಗೆ 128 ಕೆ ಯಾರು ಇಡುತ್ತಾರೆ? 1 ಎಂ ಇಟ್ಟರೆ 256 ಸೆಕ್ಟರ್‌ಗೆ 342, 74.9% ಬಂತಲ್ಲ. ಆದರೆ ಖಾಲಿ ಜಾಗವನ್ನು ಅದು 128 ಕೆ ಲೆಕ್ಕದಲ್ಲೇ ತೋರಿಸುವುದು. ಫೈಲ್ ತನ್ನ ಸೈಜಿಗಿಂತ ಕಡಿಮೆ ಜಾಗ ಹಿಡಿದ ಹಾಗೆ ಕಂಡರೆ ಗಾಬರಿ ಬೇಡ.

ಧಾರವಾಡಬೈಟ್: ಪ್ರಶ್ನೆ ಇಎಕ್ಸ್‌ಟಿ4ದು. ಪುರಾಣದವರು 0.39% ಒಪ್ಪಿದ್ರೋ ಇಲ್ಲೋ?

ಪ್ಯಾರಿಟಿಪುರಾಣ: 0.39 ಇರಲಿ ಬಿಡಿ, ವಿಷಯ ಅದಲ್ಲ. ಮೀಸಲು ಸೊನ್ನೆ ಮಾಡಿ 99% ತುಂಬಿದ ಮೇಲೆ ಹೊಸ 200 ಜಿಬಿ ಫೈಲ್ ಬರೆದು ನೋಡಿ. ಉದ್ದನೆಯ ಖಾಲಿ ಬ್ಲಾಕ್ ಸಿಗದೆ ಚೂರುಚೂರಾಗಿ ಕೂರುತ್ತೆ. ರೇಡ್ 6ನಲ್ಲಿ ಅರ್ಧ ಸ್ಟ್ರೈಪ್ (ಎಲ್ಲ ಡಿಸ್ಕಿಗೂ ಹರಡಿದ ಒಂದು ಸಾಲು) ಬರೆಯೋಕೂ ಹಳೇ ಡೇಟಾ, ಪ್ಯಾರಿಟಿ ಓದಿ ತಿರುಗಿ ಬರೀಬೇಕು. ಆಮೇಲೆ ಸ್ಪೀಡ್ ಬಿತ್ತು ಅಂತ ಇಲ್ಲಿಗೇ ಬರ್ತೀರಿ.

ಧಾರವಾಡಬೈಟ್: “99% ತುಂಬಿದ ಮೇಲೆ” ಅಂದ್ರಲ್ಲ, ಅದು ತುಂಬಿಸಿದವರ ತಪ್ಪು. ತುಂಬಬಾರದು ಅಂದ್ರ ಕೋಟಾ ಹಾಕ್ರಿ, 80%ಕ್ಕ ಅಲರ್ಟ್ ಇಡ್ರಿ. ಜಾಗ ತೋರಿಸೋ ಡಿಎಫ್ ಕಮಾಂಡಿನ ಸೈಜ್ ಕಾಲಮ್ಮಿನಾಗ 5% ಸೇರೇ ಇರ್ತೈತಿ, ಅವೇಲ್ ಕಾಲಮ್ಮಿನಾಗ ಇರಂಗಿಲ್ಲ. ಯೂಸ್ಡ್, ಅವೇಲ್ ಕೂಡಿಸಿದ್ರ ಸೈಜ್ ಬರಂಗಿಲ್ಲ. ಅದನ್ನ ನೋಡಿ ಡಿಸ್ಕ್ ಕೆಟ್ಟೈತಿ ಅನ್ನೋ ಮಂದಿ ಎಷ್ಟಿಲ್ಲ!

ಪ್ಯಾರಿಟಿಪುರಾಣ: ಮ್ಯಾನ್ ಪೇಜ್ ಬರೆದವರಿಗಿಂತ ನಿಮಗೇ ಹೆಚ್ಚು ಗೊತ್ತು, ಆಯ್ತು.

ಧಾರವಾಡಬೈಟ್: ಅರ್ಧ ವಾಕ್ಯ ಓದಿದವರಿಗಿಂತ ಹೆಚ್ಚು ಗೊತ್ತು.

ಸ್ಟುಡಿಯೋಬ್ಯಾಕಪ್: ಸರ್, 44 ವಿಂಡೋಸ್ ಪ್ರಾಪರ್ಟೀಸ್‌ನಲ್ಲಿ ನೋಡಿದ್ದು. 8 ಟಿಬಿ ಡಿಸ್ಕ್ ನಾಲ್ಕು ಆಗಲೇ ಇವೆ. ಉಳಿದ ನಾಲ್ಕು 12 ಟಿಬಿ ತಂದರೆ ಆಗುತ್ತಾ?

ಮೂರನೇಪ್ರತಿ: 44 ಟಿಐಬಿ ಅಂದ್ರೆ 48.4 ಟಿಬಿ. 8 ಟಿಬಿಯ ಎಂಟು ಡಿಸ್ಕಲ್ಲಿ ಮೀಸಲು ಸೊನ್ನೆ ಮಾಡಿದರೂ ಹಿಡಿಯಲ್ಲ, ಮೇಲಿನ ಜಗಳ ದಂಡ. 12 ಟಿಬಿಯ ನಾಲ್ಕು ಡಿಸ್ಕ್ ಬೆರೆಸಿದರೂ ಅಷ್ಟೇ: ರೇಡ್ ಅತಿ ಚಿಕ್ಕ ಡಿಸ್ಕಿನ ಅಳತೆ ಹಿಡಿಯುತ್ತೆ, 6 × 8 = 48ಕ್ಕೇ ನಿಲ್ಲುತ್ತೆ, 16 ಟಿಬಿ ಸುಮ್ಮನೆ ಬಿದ್ದಿರುತ್ತೆ. ಆ 12ರಲ್ಲಿ ಉಳಿದ ನಾಲ್ಕು ಟಿಬಿಯನ್ನು ಬೇರೆ ಪಾರ್ಟಿಶನ್ ಮಾಡಿ, ನಾಲ್ಕನ್ನೂ ಸೇರಿಸಿ ಎರಡನೇ ರೇಡ್ 6 ಕಟ್ಟಿ, ಎಲ್‌ವಿಎಂನಲ್ಲಿ (ಹಲವು ವಾಲ್ಯೂಮ್ ಒಂದು ಮಾಡುವ ಲಿನಕ್ಸ್ ಸೌಲಭ್ಯ) ಒಂದಕ್ಕೊಂದು ಜೋಡಿಸಿದರೆ ಇನ್ನು 8 ಟಿಬಿ ಬರುತ್ತೆ. ಒಟ್ಟು 56 ಟಿಬಿ, 50.9 ಟಿಐಬಿ. ನಾಸ್ ಕಂಪನಿ ಸಿನಾಲಜಿಯ ಎಸ್‌ಎಚ್‌ಆರ್-2 ರೇಡ್ ಮಾಡೋದೂ ಇದನ್ನೇ. ಆದರೆ ಮೊದಲ ದಿನವೇ 86% ತುಂಬಿರುತ್ತೆ. ಎಂಟೂ 12 ಆದರೆ 65.5 ಟಿಐಬಿ, 67% ತುಂಬುತ್ತೆ. ಈಗ ನಾಲ್ಕು, ಮುಂದೆ ನಾಲ್ಕು ಅಂತ ಬದಲಿಸುವುದಾದರೆ ಕೊನೆಯ 8 ಟಿಬಿ ಡಿಸ್ಕ್ ಹೋಗಿ ಎಂಡಿಎಡಿಎಂನಲ್ಲಿ (ಎಂಡಿ ರೇಡ್ ನಡೆಸುವ ಕಮಾಂಡ್) ಗ್ರೋ ಮಾಡುವವರೆಗೆ ಒಂದು ಬೈಟೂ ಹೆಚ್ಚಲ್ಲ.

ಪ್ಯಾರಿಟಿಪುರಾಣ: 65.5ರಲ್ಲೂ 5% ತೆಗೀರಿ. 62.

ಧಾರವಾಡಬೈಟ್: ಮತ್ತ ಅದ! ಅದು ಬ್ಯಾಡಾದ್ರ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕ್ರಿ, ಆ ಮೀಸಲೇ ಇರಂಗಿಲ್ಲ.

ಪ್ಯಾರಿಟಿಪುರಾಣ: ಎಕ್ಸ್‌ಎಫ್‌ಎಸ್ ಹಿಗ್ಗಿಸಬಹುದು, ಆಮೇಲೆ ಕುಗ್ಗಿಸೋಕಾಗಲ್ಲ. ಅದನ್ನೂ ಹೇಳಿ.

ಧಾರವಾಡಬೈಟ್: 44 ಟಿಬಿ ವಿಡಿಯೋ ಇಟ್ಕೊಂಡವರು ಅರೇ ಯಾಕ ಕುಗ್ಗಿಸ್ತಾರ್ರೀ?