ಬೆಳಗ್ಗೆ ಹೋಗಿ ಸಂಜೆ ಮನೆಗೆ: ಗರ್ಭಪಾತದ ಶಸ್ತ್ರಚಿಕಿತ್ಸೆಯ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕ ಕಡೆಯ ಸದಸ್ಯೆ, ಹೆಸರು ಪ್ರಕಟಿಸಿಲ್ಲ)

ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 31 ವರ್ಷ, ಇಬ್ಬರು ಮಕ್ಕಳಿದ್ದಾರೆ. ಚಿಕ್ಕವಳಿಗೆ ಈಗ ಒಂದು ವರ್ಷ ಎರಡು ತಿಂಗಳು. ಅವಳದು ಸಿಸೇರಿಯನ್ ಹೆರಿಗೆ, ಇನ್ನೂ ಎದೆಹಾಲು ಕುಡಿಯುತ್ತಾಳೆ. ರಜೆಯಲ್ಲಿ ಬಂದಿದ್ದ ನನ್ನ ಗಂಡ ದುಬೈಗೆ ಹಿಂತಿರುಗಿದ ಮೇಲೆ, ಕಾಂಡೋಮ್ ಬಳಸಿದ್ದರೂ ಗರ್ಭ ನಿಂತಿದೆ ಎಂದು ತಿಳಿಯಿತು. ಸ್ಕ್ಯಾನಿಂಗಿನಲ್ಲಿ ಒಂಬತ್ತು ವಾರ ನಾಲ್ಕು ದಿನ ಎಂದಿದೆ. ಮಾತ್ರೆಯ ಅವಧಿ ಮುಗಿದಿರುವುದರಿಂದ ಶಸ್ತ್ರಚಿಕಿತ್ಸೆಯೇ ಆಗಬೇಕು, ಅಂದೇ ಮನೆಗೆ ಹೋಗಬಹುದು ಎಂದು ವೈದ್ಯರು ಹೇಳಿದ್ದಾರೆ. ನಾವಿಬ್ಬರೂ ಯೋಚಿಸಿಯೇ ತೀರ್ಮಾನಿಸಿದ್ದೇವೆ, ಆದರೆ ಮೊದಲು ಹೋದ ಒಂದು ಕಡೆ ಗಂಡನ ಸಹಿ ಇಲ್ಲದೆ ಮಾಡುವುದಿಲ್ಲವೆಂದು ವಾಪಸು ಕಳುಹಿಸಿದರು. ಆ ದಿನ ಏನೇನು ಮಾಡುತ್ತಾರೆ, ಎಷ್ಟು ನೋವಿರುತ್ತದೆ, ಮರುದಿನ ಮನೆಗೆಲಸ ಮಾಡಬಹುದೇ, ಇವನ್ನೆಲ್ಲ ಯಾರಲ್ಲಿ ಕೇಳುವುದೆಂದೇ ತಿಳಿಯುತ್ತಿಲ್ಲ. ಅತ್ತೆಗೆ ವಿಷಯ ಗೊತ್ತಿಲ್ಲ. ಜೊತೆಗೆ ನಾದಿನಿ ಬರುತ್ತಾಳೆ.

ಉತ್ತರ (ಸ್ತ್ರೀರೋಗ ತಜ್ಞೆ)

ನಮಸ್ಕಾರ. ನಿಮ್ಮನ್ನು ವಾಪಸು ಕಳುಹಿಸಿದ ಕಾರಣವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೀಗೆ ಅಲೆದಾಡಿಸುವುದರಿಂದ ವಾರಗಳು ಕಳೆಯುತ್ತವೆ ಮತ್ತು ವಾರ ಕಳೆದಷ್ಟೂ ಚಿಕಿತ್ಸೆ ದೊಡ್ಡದಾಗುತ್ತದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ 18 ವರ್ಷ ತುಂಬಿದ ಹೆಂಗಸಿನ ಒಪ್ಪಿಗೆ ಮಾತ್ರ ಸಾಕು. ಗಂಡನ ಸಹಿಯನ್ನಾಗಲಿ ಅತ್ತೆ ಮಾವಂದಿರ ಸಹಿಯನ್ನಾಗಲಿ ಕಾನೂನು ಕೇಳುವುದಿಲ್ಲ. ಗರ್ಭನಿರೋಧಕ ವಿಫಲವಾಗಿ ಗರ್ಭ ನಿಂತಿರುವುದು ಆ ಕಾಯ್ದೆ ಒಪ್ಪುವ ಕಾರಣ, ಮತ್ತು 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯವಿದ್ದರೆ ಸಾಕಾಗುತ್ತದೆ. ಕೇರಳ-ಕರ್ನಾಟಕ ಗಡಿಯಾದ ತಲಪಾಡಿಯ ಈಚೆಗೂ ಆಚೆಗೂ ಇದೇ ಕಾನೂನು. ನೀವು ಸಹಿ ಮಾಡಬೇಕಾದದ್ದು ಫಾರಂ ಸಿ ಎಂಬ ಒಪ್ಪಿಗೆ ಪತ್ರಕ್ಕೆ. ಅದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ಓದಲಾಗದಿದ್ದರೆ, ಅದರಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ಹೇಳಿಸಿಕೊಂಡು, ಅರ್ಥವಾದ ಮೇಲೆಯೇ ಸಹಿ ಮಾಡಿ. ಇದನ್ನು ಕೇಳಲು ಸಂಕೋಚ ಬೇಡ.

ಇನ್ನು ಚಿಕಿತ್ಸೆಯ ವಿಷಯ. ಹೋಗುವ ಮೊದಲೇ ರಕ್ತದ ಗುಂಪು, ಹಿಮೋಗ್ಲೋಬಿನ್, ಬಿ.ಪಿ. ಮತ್ತು ಸ್ಕ್ಯಾನಿಂಗ್ ಆಗಿರಬೇಕು. ನಿಮಗೆ ಸಿಸೇರಿಯನ್ ಆಗಿರುವುದರಿಂದ, ಗರ್ಭದ ಚೀಲ ಗರ್ಭಕೋಶದ ಒಳಗೆ ಸರಿಯಾದ ಜಾಗದಲ್ಲಿದೆಯೇ ಅಥವಾ ಹಳೆಯ ಹೊಲಿಗೆಯ ಕಲೆಯ ಮೇಲೆಯೇ ಕುಳಿತಿದೆಯೇ ಎಂದು ಸ್ಕ್ಯಾನಿಂಗ್ ಮಾಡಿದವರಲ್ಲಿ ಸ್ಪಷ್ಟವಾಗಿ ಕೇಳಿ. ಕಲೆಯ ಮೇಲೆ ಕುಳಿತಿರುವುದು ಅಪರೂಪ, ಆದರೆ ಹಾಗಿದ್ದರೆ ಸಾಮಾನ್ಯ ರೀತಿಯ ಚಿಕಿತ್ಸೆಯಲ್ಲಿ ತೀವ್ರ ರಕ್ತಸ್ರಾವವಾಗಬಹುದಾದ್ದರಿಂದ ದೊಡ್ಡ ಆಸ್ಪತ್ರೆಯೇ ಬೇಕಾಗುತ್ತದೆ. ಸರಿಯಾದ ಜಾಗದಲ್ಲಿದ್ದರೆ ಹಳೆಯ ಸಿಸೇರಿಯನ್ ಈ ಚಿಕಿತ್ಸೆಗೆ ಅಡ್ಡಿಯಲ್ಲ.

ಎರಡನೆಯದಾಗಿ ವಿಧಾನ ಯಾವುದೆಂದು ಕೇಳಿ. ಈ ವಾರಗಳಲ್ಲಿ ಮಾಡಬೇಕಾದದ್ದು ನಿರ್ವಾತ ಹೀರಿಕೆ, ಅಂದರೆ ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಗರ್ಭಕೋಶದೊಳಗೆ ಇಳಿಸಿ ದೊಡ್ಡ ಸಿರಿಂಜಿನಿಂದಲೋ ಯಂತ್ರದಿಂದಲೋ ಒಳಗಿನದನ್ನು ಎಳೆದು ತೆಗೆಯುವುದು. ಲೋಹದ ಉಪಕರಣದಿಂದ ಕೆರೆದು ತೆಗೆಯುವ ಹಳೆಯ ಕ್ರಮವನ್ನು ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ವರ್ಷಗಳಾಗಿವೆ. ಅದರಲ್ಲಿ ನೋವೂ ಅಪಾಯವೂ ಹೆಚ್ಚು. ನಮ್ಮ ಕಡೆ ಎರಡನ್ನೂ ಜನ ಡಿ ಆಂಡ್ ಸಿ ಎಂದೇ ಕರೆಯುವುದರಿಂದ, ನಿಜವಾಗಿ ಯಾವುದನ್ನು ಮಾಡುತ್ತಾರೆಂದು ಬಾಯಿಬಿಟ್ಟು ಕೇಳದೆ ತಿಳಿಯುವುದಿಲ್ಲ.

ಆ ದಿನ ಅರಿವಳಿಕೆ ಕೊಡುವುದಿದ್ದರೆ ಆರು ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದು, ಚಹಾ ಕುಡಿಯಲೂಬಾರದು. ಬರಿಯ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಸಿಸೇರಿಯನ್ನಿನ ಹಳೆಯ ಕಾಗದ, ಸ್ಕ್ಯಾನಿಂಗ್ ವರದಿ, ಒಂದು ಪ್ಯಾಕೆಟ್ ದೊಡ್ಡ ಪ್ಯಾಡ್ ಮತ್ತು ಸಡಿಲವಾದ ನೈಟಿ ತೆಗೆದುಕೊಂಡು ಹೋಗಿ. ಥಿಯೇಟರಿಗೆ ಹೋಗುವ ಮೊದಲು ಸರ, ಬಳೆ, ಕಾಲುಂಗುರ ತೆಗೆಯಲು ಹೇಳಬಹುದು. ಅವುಗಳನ್ನು ನಾದಿನಿಯ ಕೈಯಲ್ಲಿ ಕೊಡಿ. ಆಸ್ತಮಾ, ಯಾವುದಾದರೂ ಮದ್ದಿನ ಅಲರ್ಜಿ, ರಕ್ತ ತೆಳುಮಾಡುವ ಮಾತ್ರೆ, ಹೃದಯದ ತೊಂದರೆ ಇವುಗಳಲ್ಲಿ ಒಂದನ್ನೂ ಮರೆಮಾಡಬೇಡಿ. ಮನೆಯಲ್ಲಿ ಯಾರಿಗೂ ತಿಳಿಯದಂತೆ ಈಗಾಗಲೇ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಲೇಬೇಕು.

ಚಿಕಿತ್ಸೆಗೆ ಎರಡು ಮೂರು ಗಂಟೆ ಮೊದಲು ಗರ್ಭಕಂಠ ಮೆದುವಾಗಲೆಂದು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ನಾಲಿಗೆಯ ಅಡಿಯಲ್ಲಿ ಅಥವಾ ಯೋನಿಯಲ್ಲಿ ಇಡುವುದುಂಟು. ಅದರಿಂದ ಚಳಿ ಬಂದು ಮೈ ನಡುಗಬಹುದು, ಭೇದಿಯಾಗಬಹುದು, ಕಿಬ್ಬೊಟ್ಟೆಯಲ್ಲಿ ಸೆಳೆತ ಹಿಡಿದು ಸ್ವಲ್ಪ ರಕ್ತ ಕಾಣಬಹುದು. ಎಷ್ಟೋ ಮಂದಿ ಇಲ್ಲಿಯೇ ಹೆದರುತ್ತಾರೆ, ಏಕೆಂದರೆ ಹೀಗಾಗುತ್ತದೆಂದು ಅವರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಆಮೇಲೆ ಒಳಪರೀಕ್ಷೆಗೆ ಮಲಗಿಸುವ ಹಾಗೆಯೇ ಮಲಗಿಸಿ, ಕೈಯ ನರಕ್ಕೆ ನಿದ್ದೆಯ ಮದ್ದು ಕೊಡುತ್ತಾರೆ ಅಥವಾ ಗರ್ಭಕಂಠದ ಸುತ್ತ ಮರಗಟ್ಟುವ ಇಂಜೆಕ್ಷನ್ ಹಾಕುತ್ತಾರೆ. ಕೆಲವೆಡೆ ಎರಡನ್ನೂ ಮಾಡುತ್ತಾರೆ. ಮುಖ್ಯ ಕೆಲಸ ಐದರಿಂದ ಹತ್ತು ನಿಮಿಷದ್ದು. ಇಂಜೆಕ್ಷನ್ ಮಾತ್ರ ಕೊಟ್ಟಿದ್ದರೆ ನಿಮಗೆ ಎಚ್ಚರವಿರುತ್ತದೆ, ಮುಟ್ಟಿನ ನೋವಿಗಿಂತ ಹೆಚ್ಚಿನ ಸೆಳೆತ ಅಲೆ ಅಲೆಯಾಗಿ ಬರುತ್ತದೆ, ಕೊನೆಯ ಒಂದೆರಡು ನಿಮಿಷ ಅದು ಜೋರಾಗುತ್ತದೆ. ಖಾಲಿಯಾದ ಗರ್ಭಕೋಶ ಮುದುಡಿಕೊಳ್ಳುವಾಗ ಆಗುವ ನೋವು ಅದು, ಚಿಕಿತ್ಸೆ ಮುಗಿಯುತ್ತಾ ಬಂದಿರುವುದರ ಲಕ್ಷಣ. ತೆಗೆದದ್ದನ್ನು ವೈದ್ಯರು ನೀರಿನಲ್ಲಿ ತೊಳೆದು, ಎಲ್ಲವೂ ಹೊರಬಂದಿದೆಯೇ ಎಂದು ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಅದನ್ನು ನಿಮಗೆ ತೋರಿಸುವುದಿಲ್ಲ. ಸೋಂಕು ತಡೆಯುವ ಮಾತ್ರೆಯನ್ನೂ ನೋವಿನ ಮಾತ್ರೆಯನ್ನೂ ಕೊಡುತ್ತಾರೆ.

ಆಮೇಲೆ ಒಂದೆರಡು ಗಂಟೆ, ನಿದ್ದೆಯ ಮದ್ದು ಹೆಚ್ಚು ಕೊಟ್ಟಿದ್ದರೆ ಇನ್ನೂ ಕೆಲವು ಗಂಟೆ, ಹಾಸಿಗೆಯಲ್ಲಿ ಮಲಗಿಸಿ ಬಿ.ಪಿ.ಯನ್ನೂ ಪ್ಯಾಡಿನಲ್ಲಿ ಎಷ್ಟು ರಕ್ತ ಹೋಗಿದೆ ಎಂಬುದನ್ನೂ ನೋಡುತ್ತಾರೆ. ಎದ್ದು ನಡೆದು, ಮೂತ್ರ ಮಾಡಿ, ಏನಾದರೂ ಕುಡಿದು ವಾಂತಿಯಾಗದಿದ್ದರೆ ಮನೆಗೆ ಬಿಡುತ್ತಾರೆ. ಮುಳ್ಳೇರಿಯ, ಪೆರ್ಲದ ಕಡೆಯ ತಿರುವಿನ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೆ ತೊಂದರೆಯಾಗುವುದೇ ಎಂದು ಅನೇಕರು ಕೇಳುತ್ತಾರೆ. ಕುಲುಕಾಟದಿಂದ ಒಳಗೆ ಏನೂ ಹಾಳಾಗುವುದಿಲ್ಲ, ಆದರೆ ತಲೆಸುತ್ತು, ವಾಕರಿಕೆ ಇರುವುದರಿಂದ ಆಟೋ ಅಥವಾ ಕಾರು ಒಳ್ಳೆಯದು. ನಿದ್ದೆಯ ಮದ್ದು ಕೊಟ್ಟಿದ್ದರೆ 24 ಗಂಟೆ ಸ್ಕೂಟರ್ ಓಡಿಸಬಾರದು, ಜೊತೆಗೆ ಒಬ್ಬರು ಇರಲೇಬೇಕು.

ಮರುದಿನ ಅಡುಗೆ ಮಾಡಬಹುದು, ಮಗುವನ್ನು ಎತ್ತಿಕೊಳ್ಳಬಹುದು, ಕುಳಿತು ಅಡಿಕೆ ಸುಲಿಯಲೂಬಹುದು. ಕಡ್ಡಾಯ ವಿಶ್ರಾಂತಿ ಎಂಬುದಿಲ್ಲ, ದಣಿವಾದರೆ ಮಲಗಬೇಕು ಅಷ್ಟೆ. ಬಾಣಂತಿಯ ಪಥ್ಯ ಬೇಡ, ನೀರು ಕಡಿಮೆ ಕುಡಿಯುವುದಂತೂ ಬೇಡವೇ ಬೇಡ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ತಿನ್ನುವವರಿಗೆ ಮೀನು, ಎಲ್ಲವೂ ಆಗುತ್ತದೆ. ರಕ್ತ ಕಡಿಮೆಯಿದ್ದು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದನ್ನು ಚಹಾದ ಜೊತೆ ನುಂಗಬೇಡಿ. ರಕ್ತಸ್ರಾವ ಕೆಲವು ದಿನಗಳಿಂದ ಎರಡು ವಾರದವರೆಗೆ ಇರಬಹುದು. ಮೊದಲೆರಡು ದಿನ ಏನೂ ಇಲ್ಲದೆ ಮೂರನೆಯ ನಾಲ್ಕನೆಯ ದಿನ ಸೆಳೆತದೊಂದಿಗೆ ಸಣ್ಣ ಗಡ್ಡೆಗಳು ಹೋಗುವುದೂ ಉಂಟು. ರಕ್ತ ನಿಲ್ಲುವವರೆಗೆ ದೈಹಿಕ ಸಂಪರ್ಕ ಬೇಡ, ಕೆರೆಯಲ್ಲಿ ಇಳಿದು ಸ್ನಾನ ಮಾಡುವುದೂ ಬೇಡ. ಬಚ್ಚಲಿನ ಸ್ನಾನಕ್ಕೆ ಯಾವ ಅಡ್ಡಿಯೂ ಇಲ್ಲ. ವಾಂತಿ, ವಾಕರಿಕೆ ಒಂದೆರಡು ದಿನಗಳಲ್ಲೇ ಇಳಿಯುತ್ತದೆ. ಮೂತ್ರದ ಪರೀಕ್ಷೆ ಮಾತ್ರ ನಾಲ್ಕು ವಾರಗಳವರೆಗೂ ಗರ್ಭವಿದೆ ಎಂದೇ ತೋರಿಸಬಹುದು, ಆದ್ದರಿಂದ ವಾರದೊಳಗೆ ಪರೀಕ್ಷೆ ಮಾಡಿಕೊಂಡು ಗಾಬರಿಯಾಗಬೇಡಿ. ಮುಂದಿನ ಮುಟ್ಟು ನಾಲ್ಕರಿಂದ ಎಂಟು ವಾರಗಳಲ್ಲಿ ಬರುತ್ತದೆ.

ದೊಡ್ಡ ಪ್ಯಾಡುಗಳು ಗಂಟೆಗೆ ಎರಡರಂತೆ ಸತತ ಎರಡು ಗಂಟೆ ಪೂರ್ತಿ ತೊಯ್ದರೆ, 100.4 ಡಿಗ್ರಿಗಿಂತ ಹೆಚ್ಚಿನ ಜ್ವರ ಬಂದರೆ, ಸ್ರಾವದಲ್ಲಿ ದುರ್ವಾಸನೆ ಬಂದರೆ, ಮಾತ್ರೆಗೆ ಬಗ್ಗದ ಹೊಟ್ಟೆನೋವಿದ್ದರೆ ಅಥವಾ ಕಣ್ಣು ಕತ್ತಲೆ ಬಂದು ಬಿದ್ದರೆ, ಅತ್ತೆಗೆ ತಿಳಿಯುತ್ತದೆ ಎಂಬ ಹೆದರಿಕೆಯಲ್ಲಿ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯಾದರೂ 108ಕ್ಕೆ ಕರೆಮಾಡಿ ಹೊರಡಿ. ಈ ಒಂದು ಮಾತನ್ನು ನಾದಿನಿಗೂ ಓದಿ ಹೇಳಿ.

ಪ್ರಶ್ನೆ (ಮಂಜೇಶ್ವರದ ಸದಸ್ಯೆ)

ಒಮ್ಮೆ ಹೀಗೆ ತೆಗೆಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ನಿಜವೇ? ನನ್ನದು ನೆಗೆಟಿವ್ ರಕ್ತ, ಅದರ ಬಗ್ಗೆಯೂ ತಿಳಿಸಿ.

ಉತ್ತರ

ತರಬೇತಾದ ವೈದ್ಯರು ಸ್ವಚ್ಛವಾದ ಜಾಗದಲ್ಲಿ ಮಾಡಿದ ನಿರ್ವಾತ ಹೀರಿಕೆಯಿಂದ ಮುಂದಿನ ಗರ್ಭಧಾರಣೆಗೆ ತೊಂದರೆಯಾಗುವುದಿಲ್ಲ. ಹಿರಿಯರು ಕಂಡದ್ದು ಬೇರೆ ಕಾಲದ, ಕದ್ದುಮುಚ್ಚಿ ಮಾಡಿಸಿ ಸೋಂಕಾದ ಗರ್ಭಪಾತಗಳನ್ನು. ಆ ಭಯಕ್ಕೆ ಕಾರಣವಿತ್ತು. ಈಗಲೂ ಅಪಾಯ ಸೊನ್ನೆಯಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಒಳಗೆ ಸ್ವಲ್ಪ ಉಳಿದು ಮತ್ತೊಮ್ಮೆ ಸ್ವಚ್ಛಗೊಳಿಸಬೇಕಾಗಬಹುದು, ಕೆಲವರಿಗೆ ಸೋಂಕಾಗಬಹುದು, ಗರ್ಭಕೋಶಕ್ಕೆ ತೂತಾಗುವುದು ತೀರಾ ಅಪರೂಪ. ನಿಜಕ್ಕೂ ವಿಪರೀತದ ಸ್ಥಿತಿಯಲ್ಲಿ ನಮ್ಮ ಬಳಿಗೆ ಬರುವವರು ಹೆಚ್ಚಾಗಿ ಸ್ಕ್ಯಾನಿಂಗ್ ಇಲ್ಲದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ, ವಾರಗಟ್ಟಲೆ ರಕ್ತ ಹೋಗುತ್ತಿದ್ದರೂ ಸುಮ್ಮನಿದ್ದವರು. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಆ ಮಾತ್ರೆಯಿಂದ ಅದು ಹೋಗುವುದಿಲ್ಲ, ಅಂಡನಾಳ ಒಡೆದರೆ ಜೀವಕ್ಕೇ ಅಪಾಯ.

ನೆಗೆಟಿವ್ ರಕ್ತದವರಿಗೆ ನಮ್ಮಲ್ಲಿ ಮುಂದೆ ಬಸಿರಾದಾಗ ಮಗುವಿಗೆ ತೊಂದರೆಯಾಗದಂತೆ 72 ಗಂಟೆಗಳೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು ರೂಢಿ. 12 ವಾರಕ್ಕಿಂತ ಮೊದಲು ಅದು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಿಮ್ಮ ವಾರವನ್ನು ನೋಡಿ ನಿಮ್ಮ ವೈದ್ಯರು ನಿರ್ಧರಿಸಲಿ, ಆದರೆ ರಕ್ತದ ಗುಂಪನ್ನು ನೀವಾಗಿಯೇ ಮೊದಲು ಹೇಳಿ.

ಪ್ರಶ್ನೆ (ಕುಂಬಳೆಯ ಸದಸ್ಯೆ)

ನನ್ನ ಪರಿಚಯದ ಒಬ್ಬಳಿಗೆ 22 ವರ್ಷ, ಮದುವೆಯಾಗಿಲ್ಲ. ಊರಿನಲ್ಲಿ ಸುದ್ದಿಯಾಗುತ್ತದೆ ಎಂಬ ಹೆದರಿಕೆಯಿಂದ ಯಾರಲ್ಲಿಗೂ ಹೋಗುತ್ತಿಲ್ಲ. ಅವಳಿಗೆ ಕಾನೂನಿನಲ್ಲಿ ಅವಕಾಶವಿದೆಯೇ?

ಉತ್ತರ

ಇದೆ. ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಗಂಡ ಎಂಬ ಪದದ ಬದಲು ಸಂಗಾತಿ ಎಂದು ಸೇರಿಸಲಾಯಿತು, ಮತ್ತು 29 ಸೆಪ್ಟೆಂಬರ್ 2022ರಂದು ಸುಪ್ರೀಂ ಕೋರ್ಟು ಮದುವೆಯಾಗಿದೆಯೋ ಇಲ್ಲವೋ ಎಂಬ ಆಧಾರದಲ್ಲಿ ಭೇದ ಮಾಡುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಅವಳ ಹೆಸರನ್ನು ಹೊರಗೆ ಬಿಟ್ಟುಕೊಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ, ದಂಡ ಅಥವಾ ಎರಡೂ ಆಗಬಹುದು. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ವಿಚಾರಿಸಬಹುದು. ಊರಿನವರ ಕಣ್ಣಿಗೆ ಬೀಳುವುದು ಬೇಡವೆಂದರೆ ಮಂಗಳೂರಿಗೆ ಹೋಗಬಹುದು. ಖಾಸಗಿ ಆಸ್ಪತ್ರೆಯಾದರೆ ಗರ್ಭಪಾತಕ್ಕೆ ಸರಕಾರದ ಅನುಮತಿ ಪತ್ರವಿದೆಯೇ ಎಂದು ಕೇಳಬೇಕು. ಯಾರ ಮುಖವನ್ನೂ ನೋಡದೆ ಮೊದಲು ಮಾತಾಡಬೇಕೆಂದಿದ್ದರೆ ಕೇರಳ ಸರಕಾರದ ದಿಶಾ ಸಹಾಯವಾಣಿ 1056 ಇದೆ. ಯಾರಾದರೂ ಒತ್ತಾಯಿಸಿ ಗರ್ಭಿಣಿಯಾದವಳಾಗಿದ್ದರೆ, ಅಥವಾ 18 ತುಂಬದವಳಾಗಿದ್ದರೆ, ಕಾನೂನಿನ ಬೇರೆ ಕ್ರಮಗಳಿವೆ. ಆಗಲೂ ಮೊದಲು ಬರಬೇಕಾದದ್ದು ವೈದ್ಯರ ಬಳಿಗೇ. ದಯವಿಟ್ಟು ಅವಳನ್ನು ಈ ವಾರವೇ ಕರೆದುಕೊಂಡು ಹೋಗಿ.

ಮರುಪ್ರಶ್ನೆ (ಬದಿಯಡ್ಕ ಕಡೆಯ ಸದಸ್ಯೆ)

ಮೇಡಂ, ತುಂಬಾ ಉಪಕಾರವಾಯಿತು. ಚಿಕಿತ್ಸೆಯ ದಿನ ಮಗುವಿಗೆ ಹಾಲು ಕೊಡಬಹುದೇ? ಗಂಡ ಮತ್ತೆ ಆರು ತಿಂಗಳಿಗೆ ಬರುತ್ತಾರೆ. ಇನ್ನೊಮ್ಮೆ ಹೀಗಾಗದಂತೆ ಏನು ಮಾಡಲಿ?

ಉತ್ತರ

ಹೊರಡುವ ಮೊದಲು ಹೊಟ್ಟೆ ತುಂಬಾ ಕುಡಿಸಿ. ನೀವು ಪೂರ್ತಿ ಎಚ್ಚರವಾಗಿ, ಮಗುವನ್ನು ಸರಿಯಾಗಿ ಹಿಡಿದುಕೊಳ್ಳುವ ಸ್ಥಿತಿಗೆ ಬಂದ ಮೇಲೆ ಸಾಮಾನ್ಯವಾಗಿ ಹಾಲು ಕೊಡಬಹುದು, ಹಿಂಡಿ ಚೆಲ್ಲಬೇಕಿಲ್ಲ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಹಾಲೂಡಿಸುವವರಿಗೆ ಆಗುವ ಮಾತ್ರೆಗಳು. ಆದರೂ ಹಾಲೂಡಿಸುತ್ತಿದ್ದೇನೆ ಎಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಎರಡು ವಾರಗಳೊಳಗೇ ಅಂಡ ಬಿಡುಗಡೆಯಾಗಬಹುದು, ಅಂದರೆ ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದು. ಸೋಂಕಿನ ಲಕ್ಷಣವಿಲ್ಲದಿದ್ದರೆ ಅದೇ ಹೊತ್ತಿನಲ್ಲಿ, ಅದೇ ಅರಿವಳಿಕೆಯಲ್ಲಿ ಕಾಪರ್-ಟಿ ಹಾಕಿಸಿಕೊಳ್ಳುವುದು ನಿಮ್ಮಂಥವರಿಗೆ ಅನುಕೂಲವೆಂದು ನನ್ನ ಅಭಿಪ್ರಾಯ. ಅದರಲ್ಲಿ 380ಎ ಎಂಬ ಬಗೆ ಹತ್ತು ವರ್ಷ ಕೆಲಸ ಮಾಡುತ್ತದೆ, ಹಾಲಿಗೆ ತೊಂದರೆಯಿಲ್ಲ, ಬೇಡವೆನಿಸಿದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದಾದ್ದರಿಂದ ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದರೆ ಬೇರೆ ದಾರಿ ನೋಡಬೇಕು. ಕಾಪರ್-ಟಿ ಹಾಕಿಸಿಕೊಂಡರೆ ಮಾತ್ರ ಗರ್ಭಪಾತ ಮಾಡುತ್ತೇವೆ ಎಂದು ಯಾರಾದರೂ ಷರತ್ತು ಹಾಕಿದರೆ ಒಪ್ಪಬೇಕಿಲ್ಲ. ಅದು ನಿಮ್ಮ ಆಯ್ಕೆ. ಬೇಕೆಂದಿದ್ದರೆ ಫಾರಂ ಸಿಗೆ ಸಹಿ ಹಾಕುವ ಹೊತ್ತಿಗೇ ಹೇಳಿಬಿಡಿ, ಥಿಯೇಟರಿನಲ್ಲಿ ಅದನ್ನು ಸಿದ್ಧವಾಗಿಟ್ಟಿರುತ್ತಾರೆ.