ತೆಂಗಿನ ತೋಟದ ಮಣ್ಣಿನ ಶಿಲೀಂಧ್ರಗಳು: ಡಿಎನ್ಎ ಸೀಕ್ವೆನ್ಸಿಂಗ್‌ಗೆ ಮಾದರಿ ಸಂಗ್ರಹಿಸುವ ಬಗೆ ಹೇಗೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಗುಬ್ಬಿ

ಮಾನ್ಯರೇ,

ತುಮಕೂರು ಜಿಲ್ಲೆಯ ಗುಬ್ಬಿ ಮತ್ತು ತಿಪಟೂರು ತಾಲ್ಲೂಕುಗಳಲ್ಲಿ ಅಣಬೆ ರೋಗ ತಗುಲಿದ ತೆಂಗಿನ ಮರಗಳ ಬುಡದ ಮಣ್ಣಿನಲ್ಲಿ ಯಾವ ಶಿಲೀಂಧ್ರಗಳಿವೆ, ಆರೋಗ್ಯವಾಗಿರುವ ಮರಗಳ ಬುಡದಲ್ಲಿ ಯಾವುವಿವೆ ಎಂದು ಹೋಲಿಸುವುದು ನನ್ನ ಅಧ್ಯಯನದ ವಿಷಯ. ಇದುವರೆಗೆ ಮಣ್ಣನ್ನು ನೀರಿನಲ್ಲಿ ಕದಡಿ, ಆಲೂಗಡ್ಡೆ ಅಗಾರ್ ತಟ್ಟೆಗಳ ಮೇಲೆ ಬೆಳೆಸಿ ಗುರುತಿಸುತ್ತಿದ್ದೆ. ಹಾಗೆ ಮಾಡಿದಾಗ ಬೇಗ ಬೆಳೆಯುವ ಆಸ್ಪರ್ಜಿಲ್ಲಸ್, ಪೆನಿಸಿಲಿಯಂ, ಟ್ರೈಕೋಡರ್ಮಾಗಳೇ ತಟ್ಟೆಯನ್ನೆಲ್ಲ ಆವರಿಸಿಕೊಳ್ಳುತ್ತವೆ. ರೋಗಕ್ಕೆ ಕಾರಣವಾದ ಗಾನೋಡರ್ಮಾ ಕಾಣಿಸುವುದೇ ಇಲ್ಲ. ಆದ್ದರಿಂದ ಮಣ್ಣಿನಿಂದ ನೇರವಾಗಿ ಡಿಎನ್ಎ ತೆಗೆದು ಸೀಕ್ವೆನ್ಸಿಂಗ್ (ಡಿಎನ್ಎಯ ಅಕ್ಷರಗಳ ಸಾಲನ್ನು ಯಂತ್ರದಿಂದ ಓದಿಸುವುದು) ಮಾಡಿಸಬೇಕೆಂದಿದ್ದೇನೆ. ಕೈಯಲ್ಲಿರುವ ಹಣ 20 ಮಾದರಿಗಳಿಗೆ ಸಾಲುತ್ತದೆ. ರೋಗವಿರುವ ಒಂದು ತೋಟದಿಂದ 10, ರೋಗವಿಲ್ಲದ ಒಂದು ತೋಟದಿಂದ 10 ಎಂಬ ಯೋಜನೆ ಸರಿಯೇ? ಡಿಎನ್ಎಯ ಯಾವ ಭಾಗವನ್ನು ಓದಿಸಬೇಕು? ಬರುವ ಸಂಖ್ಯೆಗಳನ್ನು ಆಯಾ ಶಿಲೀಂಧ್ರದ ಪ್ರಮಾಣವೆಂದು ಬರೆಯಬಹುದೇ?

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕರು, ತುಮಕೂರು

ನಿಮ್ಮ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಪ್ರೈಮರ್ (ಓದಿಸಬೇಕಾದ ಭಾಗವನ್ನು ಗುರುತಿಸಿ ಹಿಡಿಯುವ ಚಿಕ್ಕ ಡಿಎನ್ಎ ತುಣುಕು) ಸರಿಹೋಗದಿದ್ದರೆ ಉಳಿದ ಡಿಎನ್ಎಯಿಂದ ಮತ್ತೊಮ್ಮೆ ಪಿಸಿಆರ್ (ಆ ಭಾಗದ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಮಾಡಬಹುದು; ಮಾದರಿಯ ಯೋಜನೆ ಕೆಟ್ಟರೆ ಸರಿಪಡಿಸಲು ದಾರಿಯಿಲ್ಲ. ಒಂದೇ ತೋಟದಿಂದ 10 ಮಾದರಿ ತೆಗೆದರೂ ಅವು ಆ ಒಂದು ತೋಟದ ಬಗ್ಗೆ ಮಾತ್ರ ಹೇಳುತ್ತವೆ. ಒಂದು ತೋಟಕ್ಕೆ ಕೆರೆಯ ಗೋಡು ಹೊಡೆಸಿದ್ದು, ಇನ್ನೊಂದರಲ್ಲಿ ಬರೀ ಕೆಂಪು ಮಣ್ಣಿದ್ದರೆ, ನಿಮಗೆ ಕಂಡ ವ್ಯತ್ಯಾಸ ರೋಗದಿಂದ ಬಂದದ್ದೋ ಗೋಡಿನಿಂದ ಬಂದದ್ದೋ ಎಂದು ಯಾವ ಸಂಖ್ಯಾಶಾಸ್ತ್ರವೂ ಬಿಡಿಸಿ ಹೇಳಲಾರದು. 9 ತೋಟಗಳನ್ನು ಆರಿಸಿ, ಪ್ರತಿ ತೋಟದಲ್ಲೂ ರೋಗವಿರುವ ಒಂದು ಮರ, ಅದೇ ತೋಟದ ಆರೋಗ್ಯವಂತ ಒಂದು ಮರ ಎಂದು ಜೋಡಿ ಮಾಡಿಕೊಳ್ಳಿ. ಉಳಿಯುವ ಎರಡು ಸ್ಥಾನಗಳಲ್ಲಿ ಒಂದನ್ನು ಮಣ್ಣೇ ಹಾಕದೆ ಎಲ್ಲ ಹಂತಗಳನ್ನೂ ದಾಟಿಸಿದ ಖಾಲಿ ಮಾದರಿಗೆ, ಇನ್ನೊಂದನ್ನು ನಿಮಗೆ ಗೊತ್ತಿರುವ ಶಿಲೀಂಧ್ರಗಳ ಡಿಎನ್ಎ ಬೆರೆಸಿದ ಮಿಶ್ರಣಕ್ಕೆ ಮೀಸಲಿಡಿ. ಇವೆರಡನ್ನು ದುಂದುವೆಚ್ಚವೆಂದು ಬಿಡುವವರೇ ಹೆಚ್ಚು. ಆದರೆ ಕಿಟ್‌ನಲ್ಲಿದ್ದ ಅಥವಾ ಗಾಳಿಯಿಂದ ಬಂದ ಬೀಜಕಣವನ್ನು ತೋಟದ್ದೆಂದು ಬರೆಯದಂತೆ ಕಾಯುವುದು ಇವೇ.

ಡಿಎನ್ಎ ತೆಗೆಯುವ ಸಾಮಾನ್ಯ ಕಿಟ್‌ಗೆ ಹಿಡಿಯುವುದು ಸುಮಾರು 0.25 ಗ್ರಾಂ ಮಣ್ಣು. ಆದ್ದರಿಂದ ಮರದ ಸುತ್ತ ನಾಲ್ಕೈದು ಕಡೆ ಬೇರಿನ ವಲಯದ ಮಣ್ಣು ತೆಗೆದು, ಜರಡಿ ಹಿಡಿದು, ಚೆನ್ನಾಗಿ ಬೆರೆಸಿದ ಮೇಲೆಯೇ ಆ ಚಿಟಿಕೆಯನ್ನು ಆರಿಸಿ.

ಬುಡದಲ್ಲಿ ಕಂದು ಅಂಟು ಸೋರಿದ ಮಾತ್ರಕ್ಕೆ ಅಣಬೆ ರೋಗವೆಂದು ದಾಖಲಿಸಬೇಡಿ. ಥೀಲಾವಿಯೋಪ್ಸಿಸ್ ಪ್ಯಾರಡಾಕ್ಸಾದಿಂದ ಬರುವ ಕಾಂಡ ಸೋರುವ ರೋಗದಲ್ಲೂ ಹಾಗೆಯೇ ಆಗುತ್ತದೆ. ಬುಡದಲ್ಲಿ ಅಣಬೆ ಎದ್ದಿರುವ ಮರವನ್ನೇ ಆರಿಸಿ, ಆ ಅಣಬೆಯ ಚೂರನ್ನು, ಒಮ್ಮೆಗೆ ಒಂದೇ ಡಿಎನ್ಎ ತುಣುಕನ್ನು ಓದುವ ಸ್ಯಾಂಗರ್ ವಿಧಾನದಿಂದ ಪ್ರತ್ಯೇಕವಾಗಿ ಓದಿಸಿ, ಉಳಿದುದನ್ನು ಒಣಗಿಸಿ ಸಂಗ್ರಹಿಸಿಡಿ. ನಮ್ಮ ಪುಸ್ತಕಗಳಲ್ಲಿ ಗಾನೋಡರ್ಮಾ ಲ್ಯುಸಿಡಮ್ ಎಂದು ಬರೆಯುವ ಹೆಸರು 1781ರಲ್ಲಿ ಇಂಗ್ಲೆಂಡಿನ ಅಣಬೆಯೊಂದಕ್ಕೆ ಇಟ್ಟದ್ದು; ಏಷ್ಯಾದಲ್ಲಿ ಅದೇ ಹೆಸರಿನಿಂದ ಕರೆಯುತ್ತಿದ್ದ ಎಷ್ಟೋ ಅಣಬೆಗಳು ಬೇರೆ ಪ್ರಭೇದಗಳೆಂದು ಡಿಎನ್ಎ ತೋರಿಸಿಕೊಟ್ಟಿದೆ. ತಿಪಟೂರಿನ ತೋಟದಲ್ಲಿರುವುದು ಯಾವುದು ಎಂಬುದನ್ನು ನಾವು ನಮ್ಮ ಮಾದರಿಯಿಂದಲೇ ಹೇಳಬೇಕು.

ಓದಿಸಬೇಕಾದ ಭಾಗ ಐಟಿಎಸ್, ಅಂದರೆ ರೈಬೋಸೋಮ್ ವಂಶವಾಹಿಗಳ ನಡುವೆ ಇರುವ ಡಿಎನ್ಎ ಭಾಗ. 2012ರಲ್ಲಿ ಶಿಲೀಂಧ್ರಗಳ ಬಾರ್‌ಕೋಡ್ (ಪ್ರಭೇದವನ್ನು ಗುರುತಿಸಲು ಬಳಸುವ ಡಿಎನ್ಎ ಭಾಗ) ಎಂದು ಪ್ರಸ್ತಾಪಿಸಿ ಒಪ್ಪಿದ್ದು ಇದನ್ನೇ. ಇದರ ಉದ್ದ ಸಾಮಾನ್ಯವಾಗಿ 500ರಿಂದ 700 ಅಕ್ಷರಗಳು. ಇಲ್ಯುಮಿನಾ ಮೈಸೀಕ್ ಯಂತ್ರ ಎರಡು ತುದಿಗಳಿಂದ ಓದುವುದು ಹೆಚ್ಚೆಂದರೆ ತಲಾ 300 ಆಗಿರುವುದರಿಂದ ಅದರೊಳಗಿನ ಚಿಕ್ಕ ತುಂಡಾದ ಐಟಿಎಸ್2 ಭಾಗವನ್ನಷ್ಟೇ ಓದಿಸುವುದು ಕ್ಷೇಮ. ಈ ಭಾಗದ ಉದ್ದ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಮಾಡುವಂತೆ ಎಲ್ಲ ಓದುಗಳನ್ನೂ (ಯಂತ್ರ ಓದಿಕೊಡುವ ಡಿಎನ್ಎ ಸಾಲುಗಳನ್ನು) ಒಂದೇ ಉದ್ದಕ್ಕೆ ಕತ್ತರಿಸಿದರೆ ಚಿಕ್ಕ ಐಟಿಎಸ್ ಇರುವ ಪ್ರಭೇದಗಳು ಪಟ್ಟಿಯಿಂದಲೇ ಬಿದ್ದುಹೋಗುತ್ತವೆ. ಹೆಸರು ಹೊಂದಿಸಲು ಶಿಲೀಂಧ್ರಗಳ ಐಟಿಎಸ್ ಸಾಲುಗಳಿರುವ ಯುನೈಟ್ ದತ್ತಸಂಚಯವನ್ನು ಬಳಸಿ.

ಪ್ರಮಾಣದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹಾಗೆ ಬರೆಯಬಾರದು. ಐಟಿಎಸ್‌ನ ಪ್ರತಿಗಳು ಒಂದು ಶಿಲೀಂಧ್ರದಲ್ಲಿ ಹತ್ತಾರು ಇದ್ದರೆ ಇನ್ನೊಂದರಲ್ಲಿ ಸಾವಿರವನ್ನೂ ಮೀರಬಹುದು. ಸತ್ತ ಜೀವಕೋಶಗಳ ಡಿಎನ್ಎಯೂ ಮಣ್ಣಿನಲ್ಲಿ ಉಳಿದಿರುತ್ತದೆ. ಒಂದೇ ಶಿಲೀಂಧ್ರದ ಪಾಲು ಜೋಡಿ ಮರಗಳ ನಡುವೆ ಹೇಗೆ ಬದಲಾಗಿದೆ ಎಂದು ಎಚ್ಚರದಿಂದ ಹೋಲಿಸಬಹುದು. ಟ್ರೈಕೋಡರ್ಮಾ ಗಾನೋಡರ್ಮಾಕ್ಕಿಂತ ಹೆಚ್ಚಿದೆ ಎಂದು ಓದುಗಳನ್ನು ಎಣಿಸಿ ಹೇಳಲಾಗದು.

ಉತ್ತರ: ರೇಷ್ಮೆ ಕೃಷಿ ವಿಭಾಗದ ಸಂಶೋಧಕಿ, ಶಿಡ್ಲಘಟ್ಟ

ಸರ್ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಹಿಪ್ಪುನೇರಳೆಯ ಬೇರು ಕೊಳೆ ರೋಗದ ಕೆಲಸದಲ್ಲಿ ನಾವು ಕಂಡುಕೊಂಡದ್ದನ್ನು ಸೇರಿಸುತ್ತೇನೆ. ಐಟಿಎಸ್‌ನಿಂದ ಫ್ಯುಸೇರಿಯಂ ಎಂದು ಗೊತ್ತಾಗುತ್ತದೆ, ಯಾವ ಫ್ಯುಸೇರಿಯಂ ಎಂದು ಅನೇಕ ಸಲ ಗೊತ್ತಾಗುವುದಿಲ್ಲ. ಅದಕ್ಕೆ ಟಿಇಎಫ್1 ವಂಶವಾಹಿಯನ್ನು ಓದಿಸಬೇಕಾಗುತ್ತದೆ. ಟ್ರೈಕೋಡರ್ಮಾದ ಪಾಡೂ ಇದೇ. ಆದ್ದರಿಂದ ತಟ್ಟೆಯಲ್ಲಿ ಬೆಳೆಸುವುದನ್ನು ನೀವು ಕೈಬಿಡಬಾರದೆಂದು ಒತ್ತಿ ಹೇಳುತ್ತೇನೆ. ರೋಗ ತರುವುದು ಇದೇ ಎಂದು ಸಾಬೀತುಪಡಿಸಲು ಸಸಿಗೆ ಸೋಂಕು ತಗುಲಿಸಿ ನೋಡಬೇಕು, ಅದಕ್ಕೆ ಜೀವಂತ ಶಿಲೀಂಧ್ರವೇ ಬೇಕು. ಮುಖ್ಯವಾದವುಗಳನ್ನು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕಳುಹಿಸಿದರೆ ಮುಂದಿನವರಿಗೂ ಸಿಗುತ್ತವೆ.

ಇನ್ನೊಂದು ಮಾತು. ತೆಂಗಿನ ಸುಳಿ ಕೊಳೆಗೆ ಕಾರಣವಾದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ. ಶಿಲೀಂಧ್ರಗಳಿಗೆಂದು ರೂಪಿಸಿದ ಪ್ರೈಮರ್‌ಗಳು ಅದನ್ನು ಹಿಡಿಯದೇ ಹೋಗಬಹುದು. ಪಟ್ಟಿಯಲ್ಲಿ ಬರಲಿಲ್ಲವೆಂದು ಅದು ತೋಟದಲ್ಲಿಲ್ಲ ಎಂದು ಬರೆಯಬೇಡಿ.

ಪ್ರಶ್ನೆ ಕೇಳಿದವರು, ಗುಬ್ಬಿ

ಇಬ್ಬರಿಗೂ ಕೃತಜ್ಞತೆಗಳು. ಜೋಡಿ ಮರಗಳ ಯೋಜನೆಯನ್ನೇ ಇಟ್ಟುಕೊಳ್ಳುತ್ತೇನೆ. ಒಂದು ತೊಡಕಿದೆ: ರೋಗ ಕಂಡ ಮರಗಳಿಗೆ ರೈತರು ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಬೆರೆಸಿ ಹಾಕುತ್ತಾರೆ. ಅಂತಹ ಮರಗಳನ್ನು ಬಿಡಬೇಕೇ?

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕರು, ತುಮಕೂರು

ಸಾಧ್ಯವಾದರೆ ಬಿಡಿ, ಏಕೆಂದರೆ ಹಾಕಿದ ಟ್ರೈಕೋಡರ್ಮಾವೂ ಮೊದಲಿಂದ ಇದ್ದದ್ದೂ ಐಟಿಎಸ್2ರಲ್ಲಿ ಒಂದೇ ಆಗಿ ಕಾಣಬಹುದು. ಅಂತಹ ಮರಗಳೇ ಹೆಚ್ಚಿದ್ದರೆ, ಹಾಕಿದ ತಿಂಗಳನ್ನು ರೈತರಿಂದ ಕೇಳಿ ಬರೆದುಕೊಳ್ಳಿ, ಅವರು ಬಳಸಿದ ಪುಡಿಯನ್ನೇ ಒಂದಿಷ್ಟು ತಂದು ಅದರ ಟಿಇಎಫ್1 ಓದಿಸಿಡಿ. ಮಣ್ಣನ್ನು ಐಸ್ ಪೆಟ್ಟಿಗೆಯಲ್ಲಿ ತಂದು ಅದೇ ದಿನ ಮೈನಸ್ 20 ಡಿಗ್ರಿಯಲ್ಲಿ ಇಡಿ. ತಿಪಟೂರಿನಿಂದ ಬರುವಷ್ಟರಲ್ಲಿ ತಡವಾಗುವಂತಿದ್ದರೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ತನ್ನಿ, ಆದರೆ 18 ಮಾದರಿಗಳಿಗೂ ಒಂದೇ ವಿಧಾನವಿರಲಿ.