ಉಬ್ಬಸ: ಆಸ್ಪತ್ರೆಗೆ ಕೂಡಲೇ ಹೊರಡಬೇಕಾದದ್ದು ಯಾವಾಗ?

ಪ್ರಶ್ನೆ (ಮಂಡ್ಯ): ಆಲೆಮನೆಯ ಹೊಗೆ ಹೆಚ್ಚಾದಾಗಲೆಲ್ಲ ನಮ್ಮ ತಾಯಿಯವರಿಗೆ ಉಬ್ಬಸ ಕೆರಳುತ್ತದೆ. ರಾತ್ರಿ ಹೀಗಾದರೆ ಬೆಳಗಿನವರೆಗೆ ಕಾಯಬಹುದೇ ಎಂಬುದನ್ನು ಹೇಗೆ ತಿಳಿಯುವುದು?

ಉತ್ತರ (ಮೈಸೂರು): ಅವರ ಮಾತನ್ನು ಗಮನಿಸಿ. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದೆ ಎರಡು ಮೂರು ಪದಕ್ಕೊಮ್ಮೆ ಉಸಿರೆಳೆದುಕೊಳ್ಳುತ್ತಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ಮಂಪರು ಕವಿದರೆ ದಯವಿಟ್ಟು ಕಾಯಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮಲಗಿಸದೆ ನೆಟ್ಟಗೆ ಕೂರಿಸಿ, ಸಾಲ್ಬುಟಮಾಲ್ (ಉಸಿರುನಾಳವನ್ನು ಸಡಿಲಿಸುವ ಔಷಧ) ಇನ್ಹೇಲರನ್ನು ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಮೂಲಕ ಒಂದೊಂದೇ ಪಫ್‌ನಂತೆ ಕೊಡಿ.

ಮತ್ತೊಬ್ಬರು: ಸುಂಯ್‌ಗುಟ್ಟುವ ಸದ್ದು ನಿಂತಿತೆಂದು ನಿಶ್ಚಿಂತರಾಗಬೇಡಿ. ಏದುಸಿರು ಹಾಗೆಯೇ ಇದ್ದು ಸದ್ದು ಮಾತ್ರ ಅಡಗಿದರೆ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಆಡುತ್ತಿಲ್ಲವೆಂದರ್ಥ; ನನ್ನ ದೃಷ್ಟಿಯಲ್ಲಿ ಜನರು ತಪ್ಪಾಗಿ ತಿಳಿಯುವ ಲಕ್ಷಣವಿದು.

ಇನ್ನೊಬ್ಬರು: ಇನ್ಹೇಲರ್‌ನ ಸಮಾಧಾನ ನಾಲ್ಕು ಗಂಟೆಯೂ ನಿಲ್ಲದಿದ್ದರೆ, ಅದು ರಾತ್ರಿಯಾಗಿದ್ದರೂ ಆಗಲೇ ಹೊರಡಿ.